ಅಪ್‌ಡೇಟ್: ಪಿಕಪ್ ಡೀಸೆಲ್ ಕುಡೀತಿದ್ದದ್ದು ಯಾಕೆ ಅಂತ ಕೊನೆಗೂ ಸಿಕ್ತು

ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ, ಕೋಲಾರದಿಂದ ಬೆಂಗಳೂರಿಗೆ ಟೊಮೆಟೊ ಹೊಡೆಯೋ ನನ್ನ ಪಿಕಪ್ ಲೀಟರಿಗೆ 13 ಕಿ.ಮೀ. ಕೊಡ್ತಿದ್ದದ್ದು 10ಕ್ಕೆ ಇಳಿದಿದೆ ಅಂತ.

ಮೊದಲು ಏರ್ ಫಿಲ್ಟರ್ ಬದಲಾಯಿಸಿದೆ. ಧೂಳು ಮೆತ್ತಿತ್ತು ನಿಜ, ಮೈಲೇಜ್ ಮಾತ್ರ ಜಗ್ಗಲಿಲ್ಲ. ಇಂಜೆಕ್ಟರ್ (ಎಂಜಿನ್‌ಗೆ ಡೀಸೆಲ್ ಚಿಮ್ಮಿಸೋ ಭಾಗ) ಶುಚಿ ಮಾಡೋಕೆ ಟ್ಯಾಂಕಿಗೆ ಹಾಕೋ ಕ್ಲೀನರ್? ದುಡ್ಡು ದಂಡ.

‘ಬ್ರೇಕ್ ಹಿಡ್ಕೊಂಡಿರಬಹುದು, ನೋಡಿ’ ಅಂದವರಿಗೆ ದೊಡ್ಡ ನಮಸ್ಕಾರ. ಹೊಸಕೋಟೆ ಹತ್ತಿರ ಟೀಗೆ ನಿಲ್ಲಿಸಿದಾಗ ನಾಲ್ಕೂ ಚಕ್ರಕ್ಕೆ ಎರಡೆರಡು ಹನಿ ನೀರು ಚಿಮುಕಿಸಿದೆ. ಹಿಂದಿನ ಎಡಗಡೆ ಬ್ರೇಕ್ ಡ್ರಮ್ ಮಾತ್ರ ದೋಸೆ ಕಾವಲಿ ಥರ ಚುಂಯ್ ಅಂತು! ಬಿಚ್ಚಿಸಿ ನೋಡಿದ್ರೆ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡಿದು, ಲಿವರ್ ಇಳಿಸಿದ್ರೂ ವಾಪಸ್ ಹೋಗ್ತಿರಲಿಲ್ಲ. ಡ್ರಮ್‌ಗೆ ಒಳಗಿಂದ ಒತ್ತೋ ಬ್ರೇಕ್ ಶೂ ಸವೆದು ಹಾಳೆಯಾಗಿತ್ತು. ಇಷ್ಟು ದಿನ ಬ್ರೇಕ್ ಒತ್ಕೊಂಡೇ ಗಾಡಿ ಓಡಿಸಿದ್ದೀನಿ, ಅಷ್ಟೇ. ಕೇಬಲ್, ಶೂ ಎರಡೂ ಹೊಸದು ಹಾಕಿಸಿದೆ.

ಇನ್ನೊಂದು ತಮಾಷೆ: ಟೈರ್ ಗಾಳಿ ಸರಿಯಾಗಿದೆ ಅಂತ ನಿಮ್ಮ ಜೊತೆ ವಾದ ಮಾಡಿದ್ದೆ. ಗ್ಯಾರೇಜ್ ಮೀಟರ್‌ನಲ್ಲಿ ನೋಡಿದ್ರೆ ಹಿಂದಿನ ಟೈರ್‌ಗಳಲ್ಲಿ 8 ಪಿಎಸ್ಐ ಕಮ್ಮಿ. ನಾನು ನಂಬಿದ್ದ ಮೀಟರೇ ಸುಳ್ಳು.

ಮೊನ್ನೆ ಅದೇ ಬಂಕಲ್ಲಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿದೆ, 12.6 ಬಂತು. ಉಳಿದದ್ದು ಮೇಲಿನ ಟಾರ್ಪಾಲ್ ಫ್ರೇಮ್ ಗಾಳಿಗೆ ಅಡ್ಡ ಬರೋದ್ರಿಂದ ಇರಬೇಕು. ಮಳೆಗಾಲ ಮುಗಿಯೋ ತನಕ ಅದನ್ನ ಬಿಚ್ಚಲ್ಲ.