ಡಿಎಚ್ 88 ಕಾಮೆಟ್, 1/5 ಅಳತೆ: ಇಳಿಯುವಾಗ ಎಡ ರೆಕ್ಕೆ ಬೀಳ್ತಿದೆ. ರೆಕ್ಕೆಯ ತುದಿ ಅಗಲ ಮಾಡ್ಲಾ?

ಕೆಂಪು ಕಾಮೆಟ್:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು. ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿದ್ದೇನೆ. ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಓಲ್ಡ್ ವಾರ್ಡನ್ ಅನ್ನೋ ಸಣ್ಣ ಊರು. ಅಲ್ಲಿನ ಶಟಲ್‌ವರ್ತ್ ಸಂಗ್ರಹದಲ್ಲಿ ಒಂದು ಕೆಂಪು ವಿಮಾನ ಇದೆ. ಹೆಸರು ಗ್ರೋವ್‌ನರ್ ಹೌಸ್. 1934ರಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಮೆಲ್ಬರ್ನ್‌ವರೆಗೆ ನಡೆದ ರೇಸ್ ಗೆದ್ದ ಡಿ ಹ್ಯಾವಿಲೆಂಡ್ ಕಾಮೆಟ್ ಅದೇ. ಸುಮಾರು 18,000 ಕಿಲೋಮೀಟರ್ ದಾರಿ, 71 ಗಂಟೆಯಲ್ಲಿ ಮುಗಿಸಿತ್ತು. ಓಡಿಸಿದವರು ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್. ಅದು ಹಾರೋದನ್ನು ಮೊದಲ ಸಲ ನೋಡಿದ ದಿನ ಮನೆಗೆ ಬಂದವನು ಊಟಕ್ಕೂ ಏಳದೆ ನಕ್ಷೆ ಹುಡುಕುತ್ತಾ ಕೂತಿದ್ದೆ.

ನಾಲ್ಕು ಚಳಿಗಾಲ ಕೂತು ಅದರ ಐದನೇ ಒಂದು ಅಳತೆಯ, ರಿಮೋಟ್‌ನಲ್ಲಿ ಹಾರಿಸುವ ಮಾದರಿ ಕಟ್ಟಿದ್ದೇನೆ. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 44 ಅಡಿ, ನನ್ನದು 2.68 ಮೀಟರ್. ಉದ್ದ 1.77 ಮೀಟರ್. ಬ್ಯಾಟರಿ ಸೇರಿ ತೂಕ 10.4 ಕೆ.ಜಿ. ಎರಡು ಎಲೆಕ್ಟ್ರಿಕ್ ಮೋಟರ್, ಮಡಚುವ ಚಕ್ರ, ನಿಧಾನವಾಗಿ ಇಳಿಯಲು ರೆಕ್ಕೆಯ ಕೆಳಗೆ ತೆರೆಯುವ ಫ್ಲ್ಯಾಪ್.

ಅಸಲಿಯ ರೆಕ್ಕೆಗೆ ಸ್ಪ್ರೂಸ್ ಮರದ ಸಣ್ಣ ಪಟ್ಟಿಗಳನ್ನು ಓರೆಯಾಗಿ, ಒಂದು ಪದರದ ಮೇಲೆ ಇನ್ನೊಂದು ಅಡ್ಡ ಬರುವ ಹಾಗೆ ಹಾಸಿದ್ದಾರೆ. ನಾನೂ ಬಾಲ್ಸಾ ಅನ್ನೋ ಹಗುರ ಮರದಲ್ಲಿ ಹಾಗೇ ಮಾಡಿದೆ. ನಮ್ಮಪ್ಪ ಬೆಂಗಳೂರಿನಲ್ಲಿ ಎರಕದ ಕೆಲಸಕ್ಕೆ ಮರದ ಪ್ಯಾಟರ್ನ್ ಮಾಡುತ್ತಿದ್ದವರು. ವಿಡಿಯೋ ಕಾಲ್‌ನಲ್ಲಿ ಪಟ್ಟಿಗಳನ್ನು ಕ್ಯಾಮೆರಾ ಮುಂದೆ ಹಿಡಿದರೆ, "ಅದನ್ನ ಬಿಡು, ಎಳೆ ಓಡಿಹೋಗಿದೆ, ಪಕ್ಕದ್ದು ತಗೋ" ಅಂತಿದ್ದರು. ಅವರು ಬೇಡ ಅಂದ ಒಂದು ಪಟ್ಟಿಯನ್ನೂ ಹಾಕಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೊದಲ ಹಾರಾಟ ಚೆನ್ನಾಗಿ ಆಯ್ತು. ಎರಡನೇದರಲ್ಲಿ ಇಳಿಸುವಾಗ, ನೆಲ ಇನ್ನೇನು ಎರಡು ಮೀಟರ್ ಇದೆ ಅನ್ನುವಾಗ, ಎಡ ರೆಕ್ಕೆ ಸಟ್ಟನೆ ಕೆಳಗೆ ಹೋಯ್ತು. ತುದಿ ಹುಲ್ಲಿಗೆ ಹೊಡೆದು ವಿಮಾನ ಅರ್ಧ ಸುತ್ತು ತಿರುಗಿ ನಿಂತಿತು. ರೆಕ್ಕೆಗೆ ಆಕಾರ ಕೊಡೋ ಅಡ್ಡಪಟ್ಟಿಗಳಲ್ಲಿ (ರಿಬ್) ಕೊನೆಯ ಎರಡು ಪುಡಿ. ಎಡ ಪ್ರೊಪೆಲರ್ ಮುರಿದಿದೆ, ಎಡ ಚಕ್ರದ ಕಾಲು ಬಗ್ಗಿದೆ. ಮುರಿದ ಜಾಗದಲ್ಲಿ ಪಟ್ಟಿಗಳು ತೆಂಗಿನ ನಾರಿನ ಹಾಗೆ ಬಿಚ್ಚಿಕೊಂಡಿದ್ದವು. ಅದನ್ನು ಅಪ್ಪನಿಗೆ ಇನ್ನೂ ತೋರಿಸಿಲ್ಲ.

ನನ್ನ ಪ್ರಶ್ನೆ ಇದು. ಈ ರೆಕ್ಕೆ ಬುಡದಲ್ಲಿ ಅಗಲ, ತುದಿಗೆ ಹೋಗ್ತಾ ತುಂಬಾ ಕಿರಿದು. ವೇಗ ಕಡಿಮೆಯಾದಾಗ ತುದಿ ಮೊದಲು ಸ್ಟಾಲ್ ಆಗುತ್ತೆ, ಅಂದ್ರೆ ಎತ್ತಿಹಿಡಿಯೋ ಶಕ್ತಿ ಕಳೆದುಕೊಳ್ಳುತ್ತೆ ಅಂತ ಗೊತ್ತು. ಹೇಗೂ ತುದಿ ಹೊಸದಾಗಿ ಕಟ್ಟಬೇಕು. ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಅಗಲ ಮಾಡಿಬಿಡಲಾ? ಆದರೆ ಕಾಮೆಟ್‌ನ ಚೆಲುವು ಇರೋದೇ ಆ ಚೂಪಾದ ರೆಕ್ಕೆಯಲ್ಲಿ. ಮನಸ್ಸು ಒಪ್ತಾ ಇಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಜಕ್ಕೂರು ಗಾಳಿ:

ಅಣ್ಣಾ, ಫೋಟೋ ನೋಡಿ ಹೊಟ್ಟೆ ಉರೀತು. ನಾಲ್ಕು ವರ್ಷದ ಕೆಲಸ! ನನ್ನ ಅಭಿಪ್ರಾಯದಲ್ಲಿ ಅಗಲ ಮಾಡಿ. ಹಾರುವಾಗ ಎರಡು ಸೆಂಟಿಮೀಟರ್ ಯಾರ ಕಣ್ಣಿಗೂ ಕಾಣಲ್ಲ. ವಿಮಾನ ಉಳಿಯೋದು ಮುಖ್ಯ ಅಲ್ವಾ? ಜೊತೆಗೆ ವಿಮಾನ ವಾಲಿದರೆ ತಾನಾಗಿ ಸರಿಮಾಡೋ ಒಂದು ಗೈರೋ ಹಾಕಿಬಿಡಿ.

ಹಳೇ ಏರ್‌ಮನ್:

ಅಗಲ ಮಾಡೋ ಮೊದಲು ಒಂದು ಪ್ರಶ್ನೆ. ಎಡ ರೆಕ್ಕೆ ಬಿದ್ದಾಗ ನಿಮ್ಮ ಬೆರಳು ಯಾವ ಕಡೆ ಹೋಯ್ತು? ಚೆನ್ನಾಗಿ ನೆನಪು ಮಾಡಿಕೊಂಡು ಹೇಳಿ. ರೆಕ್ಕೆ ಬಿತ್ತು ಅಂತ ಬಲಕ್ಕೆ ಏಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿದ್ದು ವಿಮಾನವನ್ನು ಪಕ್ಕಕ್ಕೆ ವಾಲಿಸೋ ಪಟ್ಟಿ) ಕೊಟ್ಟಿದ್ದರೆ ಎಡಗಡೆಯ ಏಲರಾನ್ ಕೆಳಗೆ ಇಳಿದಿರುತ್ತೆ. ಆಗಲೇ ಸ್ಟಾಲ್ ಆಗುತ್ತಿದ್ದ ತುದಿಗೆ ಇನ್ನಷ್ಟು ಭಾರ ಹೊರಿಸಿದ ಹಾಗೆ. ರೆಕ್ಕೆ ಏಳೋ ಬದಲು ಪೂರ್ತಿ ಬೀಳುತ್ತೆ. ಅಲ್ಲಿ ಕೊಡಬೇಕಾದ್ದು ಬಲ ರಡ್ಡರ್, ಅಂದ್ರೆ ಬಾಲದಲ್ಲಿ ನೆಟ್ಟಗಿರೋ ಚುಕ್ಕಾಣಿ. ಜೊತೆಗೆ ಮೂತಿ ಸ್ವಲ್ಪ ಕೆಳಗೆ.

ಇನ್ನೊಂದು ಮಾತು. ನಾನು ಏರ್‌ಫೋರ್ಸ್‌ನಲ್ಲಿದ್ದಾಗ ಅಲಹಾಬಾದ್‌ನ ಬಮ್ರೌಲಿಯಲ್ಲಿ ಮೂರು ವರ್ಷ ಇದ್ದೆ. ಆ ರೇಸ್‌ನಲ್ಲಿ ಎಲ್ಲರೂ ಕಡ್ಡಾಯವಾಗಿ ಇಳಿಯಬೇಕಾಗಿದ್ದ ಐದು ಊರುಗಳಲ್ಲಿ ಅಲಹಾಬಾದ್ ಕೂಡ ಒಂದು. ಬಾಗ್ದಾದ್, ಅಲಹಾಬಾದ್, ಸಿಂಗಾಪುರ, ಡಾರ್ವಿನ್, ಚಾರ್ಲ್‌ವಿಲ್. ಮೂರು ಕಾಮೆಟ್ ಹೊರಟಿದ್ದವು. ಕಪ್ಪು ಬಣ್ಣದ್ದರಲ್ಲಿ ಜಿಮ್ ಮಾಲಿಸನ್ ಮತ್ತು ಏಮಿ ಮಾಲಿಸನ್, ಗಂಡ ಹೆಂಡತಿ. ಕರಾಚಿ ದಾಟಿದ ಮೇಲೆ ದಾರಿ ತಪ್ಪಿ ಜಬಲ್‌ಪುರದಲ್ಲಿ ಇಳಿದರು. ಅಲ್ಲಿ ಒಳ್ಳೆ ಪೆಟ್ರೋಲ್ ಇಲ್ಲ. ಬಸ್ಸಿನ ಪೆಟ್ರೋಲ್ ತುಂಬಿಸಿಕೊಂಡು ಎದ್ದರು. ಎಂಜಿನ್ ಕೆಟ್ಟು ಅಲಹಾಬಾದ್‌ನಲ್ಲಿ ಅವರ ರೇಸ್ ಮುಗಿದುಹೋಯ್ತು. ಬಮ್ರೌಲಿಯ ರನ್‌ವೇ ಪಕ್ಕ ನಡೆಯುವಾಗ ನನಗೆ ಅವರ ನೆನಪು ಬಂದೇ ಬರೋದು. ಆ ದೂರ ಬಂದು ಅಲ್ಲಿ ನಿಂತುಬಿಡೋದು ಅಂದ್ರೆ ಎಂಥ ಸಂಕಟ ನೋಡಿ.

ಈ ವಿಮಾನ ಇಳಿಸೋದು ಅಸಲಿ ಪೈಲಟ್‌ಗಳಿಗೂ ಸುಲಭ ಇರಲಿಲ್ಲ. ಪೈಲಟ್ ಕೂರೋದು ರೆಕ್ಕೆಗಿಂತ ಹಿಂದೆ, ಎದುರಿಗೆ ಬರೀ ಉದ್ದ ಮೂತಿ. ಪ್ರೊಪೆಲರ್ ಕಥೆ ಗೊತ್ತಾ? ಹೊರಡುವ ಮುಂಚೆ ಸೈಕಲ್ ಪಂಪ್‌ನಲ್ಲಿ ಗಾಳಿ ತುಂಬಿ ಅದರ ಎಲೆಗಳನ್ನು ಏರಲು ಬೇಕಾದ ಕೋನಕ್ಕೆ ಕೂರಿಸಬೇಕು. ವೇಗ ಏರಿದ ಮೇಲೆ ಆ ಗಾಳಿ ತಾನಾಗಿ ಹೊರಗೆ ಹೋಗಿ, ಎಲೆಗಳು ದೂರದ ಹಾರಾಟದ ಕೋನಕ್ಕೆ ತಿರುಗುತ್ತವೆ. ಮತ್ತೆ ವಾಪಸ್ ತಿರುಗಿಸಬೇಕು ಅಂದ್ರೆ ನೆಲಕ್ಕೆ ಇಳಿದು ಪಂಪ್ ಹಿಡಿಯಬೇಕು! ಅಂದ್ರೆ ಇಳಿಯುವಾಗ ಏನಾದರೂ ತಪ್ಪಿದರೆ ಜೋರಾಗಿ ಎತ್ತಿಕೊಂಡು ಹೋಗುವ ಶಕ್ತಿ ಕಡಿಮೆ. ನಿಮ್ಮ ಎಲೆಕ್ಟ್ರಿಕ್ ಮೋಟರ್‌ಗೆ ಆ ತೊಂದರೆ ಇಲ್ಲ. ಮನಸ್ಸಿಗೆ ಸರಿ ಅನಿಸದಿದ್ದರೆ ಎತ್ತಿಕೊಂಡು ಹೋಗಿ ಇನ್ನೊಂದು ಸುತ್ತು ಬನ್ನಿ.

ತುದಿ ಅಗಲ ಮಾಡಬೇಡಿ ಅನ್ನೋದು ನನ್ನ ಮಾತು. ಮೊದಲು ಕಾರಣ ಹುಡುಕಿ.

ಕೆಂಪು ಕಾಮೆಟ್:

ಸರ್, ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ವಿಡಿಯೋ ಹಾಕಿ ನೋಡಿದೆ. ಗೆಳೆಯ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಇಟ್ಟು ತೆಗೆದಿದ್ದ. ನಿಧಾನಕ್ಕೆ ಓಡಿಸಿದರೆ ಎಡ ಏಲರಾನ್ ಕೆಳಗೆ ಬಾಗಿರೋದು ಸ್ಪಷ್ಟವಾಗಿ ಕಾಣುತ್ತೆ. ಅದು ಬಾಗಿದ ಮರುಕ್ಷಣ ರೆಕ್ಕೆ ಬೀಳುತ್ತೆ. ನಾನೇ ಬಲಕ್ಕೆ ಏಲರಾನ್ ಕೊಟ್ಟಿದ್ದೆ.

ಸೈಕಲ್ ಪಂಪ್ ವಿಷಯ ಓದಿದ್ದೆ, ಆದರೆ ಇಳಿಯುವಾಗ ಅದರ ಅರ್ಥ ಏನು ಅಂತ ಯೋಚನೆ ಮಾಡಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ನೂಲು ಎಪಾಕ್ಸಿ, ಮೈಸೂರು:

ಏಲರಾನ್ ಒಂದೇ ಕಾರಣ ಅಲ್ಲ ಅನಿಸುತ್ತೆ. ನೀವು ತುಂಬಾ ನಿಧಾನ ಬಂದಿದ್ದೀರಿ. ಲೆಕ್ಕ ಹಾಕೋಣ.

ಅಸಲಿ ರೆಕ್ಕೆಯ ವಿಸ್ತೀರ್ಣ 212.5 ಚದರ ಅಡಿ. ಐದನೇ ಒಂದು ಅಳತೆ ಅಂದ್ರೆ 25ರಿಂದ ಭಾಗಿಸಬೇಕು. ನಿಮ್ಮದು 8.5 ಚದರ ಅಡಿ, ಅಂದ್ರೆ 0.79 ಚದರ ಮೀಟರ್. 10.4 ಕೆ.ಜಿ. ತೂಕಕ್ಕೆ, ಫ್ಲ್ಯಾಪ್ ಇಲ್ಲದೆ, ಸ್ಟಾಲ್ ವೇಗ ಗಂಟೆಗೆ 50 ಕಿ.ಮೀ. ಆಸುಪಾಸು ಬರುತ್ತೆ. ಇಳಿಯಲು ಬರುವಾಗ ಅದರ 1.3ರಷ್ಟು ಇಟ್ಟುಕೊಳ್ಳಿ. ಅಂದ್ರೆ 65. ದೊಡ್ಡ ವಿಮಾನ ದೂರದಿಂದ ನಿಧಾನವಾಗಿ ಹೋಗ್ತಿರೋ ಹಾಗೆ ಕಾಣುತ್ತೆ. ಕಣ್ಣನ್ನು ನಂಬಬೇಡಿ.

ವೇಗ ಅಳೆಯೋಕೆ ಯಂತ್ರ ಬೇಕಿಲ್ಲ. ಕ್ಯಾಮೆರಾ ಅಲ್ಲಾಡಿಲ್ಲ ಅಂದ್ರಲ್ಲ, ಚಿತ್ರದಲ್ಲಿ ಬೇಲಿ ಕಂಬವೋ ಮರವೋ ಏನಾದರೂ ನೆಟ್ಟಗೆ ನಿಂತಿರೋದು ಇದ್ದರೆ ಸಾಕು. ವಿಮಾನದ ಮೂತಿ ಅದನ್ನು ಮುಟ್ಟಿದ ಫ್ರೇಮಿನಿಂದ ಬಾಲ ದಾಟುವ ಫ್ರೇಮಿನವರೆಗೆ ಎಣಿಸಿ. ನಿಮ್ಮ ವಿಮಾನದ ಉದ್ದ ಗೊತ್ತು. ಸೆಕೆಂಡಿಗೆ ಎಷ್ಟು ಫ್ರೇಮ್ ಅಂತಲೂ ಗೊತ್ತು.

ತುದಿ ಅಗಲ ಮಾಡದೆ ಮಾಡಬಹುದಾದ ಕೆಲಸ ಇದೆ. ಎರಡೂ ಏಲರಾನ್‌ಗಳನ್ನು ಮೂರು ಮಿ.ಮೀ. ಮೇಲಕ್ಕೆ ಎತ್ತಿ ಅದನ್ನೇ ಮಧ್ಯದ ಜಾಗ ಮಾಡಿ. ರೆಕ್ಕೆಯ ತುದಿಯನ್ನು ಒಂಚೂರು ಕೆಳಮುಖವಾಗಿ ತಿರುಚಿದ ಹಾಗೇ ಆಗುತ್ತೆ, ಮರ ಮುಟ್ಟೋ ಹಾಗಿಲ್ಲ. ಏಲರಾನ್ ಕೆಳಗೆ ಇಳಿಯೋದನ್ನು ಅರ್ಧಕ್ಕೆ ಇಳಿಸಿ, ಮೇಲೆ ಏಳೋದು ಪೂರ್ತಿ ಇರಲಿ. ಫ್ಲ್ಯಾಪ್ 30 ಡಿಗ್ರಿಗಿಂತ ಜಾಸ್ತಿ ಬೇಡ.

ತೂಕದ ಮಧ್ಯಬಿಂದು ಎಲ್ಲಿದೆ? ಬ್ಯಾಟರಿ ತೂಕ ಎಷ್ಟು?

ಕೆಂಪು ಕಾಮೆಟ್:

ಮಧ್ಯಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಸರಾಸರಿ ಅಗಲದ 31 ಶೇಕಡಾದಲ್ಲಿದೆ. ಬ್ಯಾಟರಿ 1.6 ಕೆ.ಜಿ.

ಫ್ರೇಮ್ ಎಣಿಸಿದೆ. ಮೂರು ಸಲ ಎಣಿಸಿದೆ. ಬೇಲಿ ಕಂಬ ದಾಟಲು ನಾಲ್ಕು ಫ್ರೇಮ್. ಸೆಕೆಂಡಿಗೆ 30 ಫ್ರೇಮ್. ಗಂಟೆಗೆ 48 ಕಿ.ಮೀ. ಬರುತ್ತೆ. ಅವತ್ತು ಗಾಳಿಯೂ ಇರಲಿಲ್ಲ.

ನೂಲು ಎಪಾಕ್ಸಿ, ಮೈಸೂರು:

ಗೊತ್ತಾಯ್ತಲ್ಲ. ಆ ವೇಗದಲ್ಲಿ ಎಷ್ಟು ಅಗಲದ ತುದಿ ಇದ್ದರೂ ಬೀಳ್ತಿತ್ತು.

31 ಜಾಸ್ತಿ ಹಿಂದಾಯ್ತು. 25ಕ್ಕೆ ತನ್ನಿ. ಬ್ಯಾಟರಿಯನ್ನು 13 ಸೆಂ.ಮೀ. ಮುಂದಕ್ಕೆ ತಳ್ಳಿದರೆ ಮಧ್ಯಬಿಂದು ಎರಡು ಸೆಂ.ಮೀ. ಮುಂದೆ ಬರುತ್ತೆ, ಅಷ್ಟು ಸಾಕು. ಕಾಮೆಟ್‌ನ ಮೂತಿ ಉದ್ದ ಇರೋದು ಇಲ್ಲಿ ನಿಮ್ಮ ಅದೃಷ್ಟ. ಅಸಲಿಯಲ್ಲಿ ಅಲ್ಲಿ ಪೆಟ್ರೋಲ್ ಟ್ಯಾಂಕ್ ಇತ್ತು. ಸೀಸ ಹಾಕೋ ಕೆಲಸವೇ ಇಲ್ಲ.

ಆಮೇಲೆ ಮುಂದಿನ ಸಲ ಎತ್ತರಕ್ಕೆ ಹೋಗಿ, ನೂರು ಮೀಟರ್ ಹತ್ತಿರ, ಬೇಕಂತಲೇ ಸ್ಟಾಲ್ ಮಾಡಿ ನೋಡಿ. ಫ್ಲ್ಯಾಪ್ ಇಳಿಸಿ ಒಮ್ಮೆ, ಇಳಿಸದೆ ಒಮ್ಮೆ. ಅಲ್ಲಿ ಬಿದ್ದರೆ ಎತ್ತೋಕೆ ಜಾಗ ಇರುತ್ತೆ.

ಹಳೇ ಏರ್‌ಮನ್:

ಇವರ ಲೆಕ್ಕಕ್ಕೆ ನನ್ನದೂ ಒಂದು ಮಾತು ಸೇರಿಸಿ. ಬಾಲದ ಚಕ್ರವೂ ಒಟ್ಟಿಗೆ ನೆಲ ಮುಟ್ಟಬೇಕು ಅಂತ ಮೂತಿ ಎತ್ತಬೇಡಿ. ಮುಂದಿನ ಎರಡು ಚಕ್ರದ ಮೇಲೆ ವೇಗ ಇಟ್ಟುಕೊಂಡೇ ಇಳಿಸಿ. ಓಡ್ತಾ ಓಡ್ತಾ ಬಾಲ ತಾನಾಗಿ ಇಳಿಯುತ್ತೆ. ಹುಲ್ಲು ಚಿಕ್ಕದಾಗಿ ಕತ್ತರಿಸಿರೋ ಕಡೆ ಇಳಿಸಿ. ಮತ್ತೆ, ಅಪ್ಪನಿಗೆ ತೋರಿಸಿ. ಪ್ಯಾಟರ್ನ್ ಮಾಡಿದವರು ಒಡೆದದ್ದನ್ನು ಎಷ್ಟೋ ನೋಡಿರ್ತಾರೆ.

ಜಕ್ಕೂರು ಗಾಳಿ:

ನಾನು ಹೇಳಿದ್ದನ್ನು ವಾಪಸ್ ತಗೊಳ್ತೀನಿ. ಅಗಲ ಮಾಡಬೇಡಿ ಅಣ್ಣಾ. ಗೈರೋ ಕೂಡ ಆಮೇಲೆ ನೋಡಬಹುದು. ರಿಪೇರಿ ಆದಮೇಲೆ ಫೋಟೋ ಹಾಕಿ.

ಕೆಂಪು ಕಾಮೆಟ್ (ಐದು ವಾರದ ನಂತರ):

ಎಲ್ಲರಿಗೂ ಹೇಳಬೇಕು ಅಂತ ಕಾಯ್ತಿದ್ದೆ.

ಅಪ್ಪನಿಗೆ ತೋರಿಸಿದೆ. ಫೋನನ್ನು ಮುರಿದ ಜಾಗಕ್ಕೆ ಹತ್ತಿರ ಹಿಡಿ ಅಂದರು. ತುಂಬಾ ಹೊತ್ತು ನೋಡಿ, "ಅಂಟು ಬಿಟ್ಟಿಲ್ಲ, ಮರ ಮುರಿದಿದೆ. ಕೆಲಸ ಸರಿಯಾಗಿದೆ" ಅಂದರು. ಹಳೇ ಪಟ್ಟಿಗಳನ್ನು ನೇರ ಗೆರೆಯಲ್ಲಿ ಕತ್ತರಿಸಬೇಡ, ಒಂದೊಂದನ್ನೂ ಬೇರೆ ಬೇರೆ ಉದ್ದಕ್ಕೆ ಇಳಿಜಾರಾಗಿ ಕುಯ್ದು ಹೊಸದನ್ನು ಅದರ ಮೇಲೆ ಕೂರಿಸು ಅಂದರು. ಹಾಗೇ ಮಾಡಿದೆ. ತುದಿಯ ಆಕಾರ ಮೊದಲಿನದ್ದೇ, ಒಂದು ಮಿ.ಮೀ. ಕೂಡ ಬದಲಿಸಿಲ್ಲ. ಕೆಂಪು ಬಣ್ಣ ಒಣಗಿದ ಮೇಲೆ ಬೆರಳಾಡಿಸಿದರೆ ಜೋಡಿಸಿದ ಜಾಗ ಸಿಗಲ್ಲ.

ಬ್ಯಾಟರಿ 13 ಸೆಂ.ಮೀ. ಮುಂದೆ ಹೋಯ್ತು, ಮಧ್ಯಬಿಂದು ಸರಿಯಾಗಿ 25ಕ್ಕೆ ಬಂತು. ಏಲರಾನ್ ಎರಡೂ ಮೂರು ಮಿ.ಮೀ. ಮೇಲೆ. ಭಾನುವಾರ ಬೆಳಗ್ಗೆ ಹೋದೆವು. ಎತ್ತರದಲ್ಲಿ ಐದು ಸಲ ಸ್ಟಾಲ್ ಮಾಡಿದೆ. ನಾಲ್ಕು ಸಲ ಮೂತಿ ನೇರ ಮುಂದಕ್ಕೆ ಬಾಗಿತು. ಒಂದು ಸಲ ಮಾತ್ರ ಎಡಕ್ಕೆ ವಾಲಿತು. ಬಲ ರಡ್ಡರ್ ಕೊಟ್ಟೆ, ಎದ್ದಿತು. ಬಲಗೈ ಹೆಬ್ಬೆರಳು ತಾನಾಗಿ ಏಲರಾನ್ ಕಡೆ ಹೋಗ್ತಿತ್ತು, ಅದನ್ನು ತಡೆಯೋಕೆ ಕಷ್ಟಪಟ್ಟೆ.

ಇಳಿಸಲು ಮೊದಲ ಸಲ ಬಂದಾಗ ಎತ್ತರ ಜಾಸ್ತಿ ಅನಿಸಿತು. ಏರ್‌ಮನ್ ಸರ್ ಮಾತು ನೆನಪಾಗಿ ಥ್ರಾಟಲ್ ಕೊಟ್ಟು ಎತ್ತಿಕೊಂಡು ಹೋದೆ. ಎರಡನೇ ಸಲ ವೇಗ ಇಟ್ಟುಕೊಂಡೇ ಬಂದೆ. ಎಷ್ಟು ವೇಗ ಅಂದ್ರೆ ಪಕ್ಕದಲ್ಲಿದ್ದ ಗೆಳೆಯ ಒಂದು ಹೆಜ್ಜೆ ಹಿಂದೆ ಸರಿದ. ಮುಂದಿನ ಎರಡು ಚಕ್ರ ಹುಲ್ಲು ಮುಟ್ಟಿದವು, ಬಾಲ ಮೇಲೇ ಇತ್ತು. ರಡ್ಡರ್ ಮೇಲಿದ್ದ 34 ಅನ್ನೋ ರೇಸ್ ನಂಬರ್ ಓಡ್ತಾ ಓಡ್ತಾ ನಿಧಾನಕ್ಕೆ ಕೆಳಗಿಳಿಯಿತು.

ರಾತ್ರಿ ವಿಡಿಯೋ ಹಾಕಿ ಅದೇ ಬೇಲಿ ಕಂಬದ ಹತ್ತಿರ ಎಣಿಸಿದೆ. ಈ ಸಲ ಮೂರು ಫ್ರೇಮ್.