ಆಂಗ್ಲಿರುವಿನಲ್ಲಿ ಕುಸ್‌ಗಾಗಿ ಕಾಯಬೇಕಿತ್ತಾ?

ತುಂಗಾತೀರ: ನಿನ್ನೆ ಸವಾರಿ ಮುಗಿಸಿ ಗಾಜನೂರಲ್ಲಿ ಟೀ ಕುಡಿಯುವಾಗ ಇದೇ ಜಗಳ. ಇಲ್ಲೂ ಕೇಳುತ್ತೇನೆ. 2023ರ ವುವೆಲ್ಟಾ, ಸ್ಪೇನಿನ 21 ಸ್ಟೇಜಿನ ಸೈಕಲ್ ರೇಸ್. ಸೆಪ್ ಕುಸ್ ಮೈಮೇಲೆ ಕೆಂಪು ಜೆರ್ಸಿ, ಅಂದ್ರೆ ಒಟ್ಟು ಸಮಯದಲ್ಲಿ ಅವನೇ ಮುಂದೆ. 17ನೇ ಸ್ಟೇಜು ಆಂಗ್ಲಿರು ಬೆಟ್ಟ. ಅವನದೇ ತಂಡದ ರೋಗ್ಲಿಚ್, ವಿಂಗೆಗಾರ್ಡ್ ಇಬ್ಬರೂ ಅವನನ್ನು ಬಿಟ್ಟು ಹೋದರು. ಅದೇ ವರ್ಷ ರೋಗ್ಲಿಚ್ ಇಟಲಿಯ ರೇಸ್ ಜಿರೋ ಗೆದ್ದ, ವಿಂಗೆಗಾರ್ಡ್ ಟೂರ್ ಡಿ ಫ್ರಾನ್ಸ್ ಗೆದ್ದ. ಎರಡರಲ್ಲೂ ಬೆಟ್ಟದಲ್ಲಿ ಅವರಿಗಾಗಿ ದುಡಿದವನು ಇದೇ ಕುಸ್. ನನ್ನ ಪ್ರಕಾರ ಇದು ದ್ರೋಹ.

ಘಾಟಿ ಸವಾರ: ದ್ರೋಹ ಅನ್ನುವುದು ಜಾಸ್ತಿ ಆಯ್ತು. ಕಾಲಲ್ಲಿ ಕಸುವು ಇದ್ದವನು ಮುಂದೆ ಹೋಗುತ್ತಾನೆ. ಕುಸ್ ಹಿಂದೆ ಬಿದ್ದಿದ್ದು 19 ಸೆಕೆಂಡ್ ಮಾತ್ರ. ಆಗುಂಬೆ ಘಾಟಿ ಹತ್ತಿದ ಯಾರನ್ನಾದರೂ ಕೇಳಿ, ಏರಿನಲ್ಲಿ ಒಮ್ಮೆ ಲಯ ತಪ್ಪಿದರೆ ಮುಗೀತು.

ಸಾಗರದವ: 19 ಮಾತ್ರಾನಾ? ಪೂರ್ತಿ ಲೆಕ್ಕ ಹಾಕಿ. ಬೆಳಿಗ್ಗೆ ವಿಂಗೆಗಾರ್ಡ್‌ಗೂ ಕುಸ್‌ಗೂ ಅಂತರ 29 ಸೆಕೆಂಡ್. ರಸ್ತೆಯಲ್ಲೇ 19 ಹೋಯ್ತು. ಒಟ್ಟು ಸಮಯದಲ್ಲಿ ಕಳೆಯುವ ಬೋನಸ್ ಎರಡನೇ ಬಂದ ವಿಂಗೆಗಾರ್ಡ್‌ಗೆ 6 ಸೆಕೆಂಡ್, ಮೂರನೇ ಬಂದ ಕುಸ್‌ಗೆ 4. ಸಂಜೆಗೆ ಉಳಿದಿದ್ದು 8! ಆ ಏರಿನಲ್ಲಿ ಅವನ ಜೊತೆಗಿದ್ದದ್ದು ಬೇರೆ ತಂಡದ ಮಿಕೆಲ್ ಲಾಂಡಾ.

ಹೊಸನಗರ ಹುಡುಗ: ಘಾಟಿ ಸವಾರರೇ, ಆಗುಂಬೆ ಘಾಟಿ ಯಾವ ಕಡೆಯಿಂದ ಹತ್ತಿದ್ದು? ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಬಂದವರು ಘಾಟಿಯ ನೆತ್ತಿಗೇ ಬಂದು ನಿಲ್ಲುತ್ತಾರೆ. ಹತ್ತಬೇಕಾದರೆ ಸೋಮೇಶ್ವರಕ್ಕೆ ಇಳಿದು ವಾಪಸ್ ಬರಬೇಕು.

ಘಾಟಿ ಸವಾರ: ಇಳಿದೇ ಹತ್ತಿದ್ದೇನೆ. ಹದಿನಾಲ್ಕು ತಿರುವೂ. ಮೂರು ಸಲ.

ಹೊಸನಗರ ಹುಡುಗ: ಸರಿ, ಆದರೂ ಆಂಗ್ಲಿರುಗೆ ಹೋಲಿಸಬೇಡಿ. ಅದು ಸುಮಾರು 12.5 ಕಿ.ಮೀ., ಸರಾಸರಿ ಏರು ಶೇ 10ರ ಹತ್ತಿರ, ಕೆಲವು ಕಡೆ ಶೇ 20 ದಾಟುತ್ತದೆ. ನಮ್ಮಲ್ಲಿ ಏರು ಅಂದ್ರೆ ಹುಲಿಕಲ್ ಘಾಟಿ. ಹೊಸಂಗಡಿಯಿಂದ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಆಗುಂಬೆ ಮಳೆ: ಎಂತ ಮಾರಾಯ್ರೆ, ಆಗುಂಬೆಯನ್ನು ಇಷ್ಟು ಹಗುರ ಮಾಡ್ತೀರಾ? ಜುಲೈಯಲ್ಲಿ ಹತ್ತಿದ್ದೀರಾ? ತಿರುವಿನಲ್ಲಿ ಪಾಚಿ, ಮೇಲೆ ಮಂಜು. ಎದುರು ಬರುವ ಮಿನಿ ಬಸ್ಸಿನ ಲೈಟು ಹತ್ತಿರ ಬರುವ ತನಕ ಕಾಣುವುದಿಲ್ಲ.

ಹೊಸನಗರ ಹುಡುಗ: ಮಳೆ ಬೇರೆ, ಏರು ಬೇರೆ. ಮಳೆಯನ್ನೇ ಲೆಕ್ಕ ಹಿಡಿದರೂ ಹುಲಿಕಲ್ ನಿಮಗೇನು ಕಮ್ಮಿ ಇಲ್ಲ.

ಆಗುಂಬೆ ಮಳೆ: ಮಳೆ ವಿಷಯದಲ್ಲಿ ಆಗುಂಬೆಗೆ ಎದುರು ಹೇಳುವವರನ್ನು ಇವತ್ತೇ ನೋಡಿದ್ದು. ಇಲ್ಲಿ ಹುಟ್ಟಿ ಬೆಳೆದವನು ನಾನು. ನನಗೆ ಪಾಠ ಬೇಡ.

ಸಾಗರದವ: ಘಾಟಿ ಬಿಡಿ ಇಬ್ಬರೂ. "ಲಯ ತಪ್ಪಿದರೆ ಮುಗೀತು" ಅಂದ್ರಲ್ಲ, 2012ರ ಟೂರ್‌ನಲ್ಲಿ ಫ್ರೂಮ್ ಏನು ಮಾಡಿದ? ಬೆಟ್ಟದಲ್ಲಿ ತಿರುಗಿ ತಿರುಗಿ ನೋಡಿ ತನ್ನ ತಂಡದ ನಾಯಕ ವಿಗಿನ್ಸ್‌ಗಾಗಿ ಕಾದ. ವಿಗಿನ್ಸ್ ಗೆದ್ದ. ಕಾದವನಿಗೆ ಎರಡನೇ ಸ್ಥಾನ ಹೋಗಲಿಲ್ಲವಲ್ಲ?

ಘಾಟಿ ಸವಾರ: ಎರಡನೇ ಸ್ಥಾನಕ್ಕೆ ಯಾರು ಸೈಕಲ್ ತುಳಿಯುತ್ತಾರೆ ಸಾರ್? 1986ರ ಟೂರ್ ನೋಡಿ. ಈ ಸಲ ನಿನಗೆ ಸಹಾಯ ಮಾಡುತ್ತೇನೆ ಅಂತ ಲೆಮಾಂಡ್‌ಗೆ ಮಾತು ಕೊಟ್ಟಿದ್ದ ಅವನದೇ ತಂಡದ ಈನೋ ಅವನ ಮೇಲೇ ದಾಳಿ ಮಾಡಿದ. ಲೆಮಾಂಡ್ ತಡೆದುಕೊಂಡು ಗೆದ್ದ. ಆ ಗೆಲುವಿನ ತೂಕವೇ ಬೇರೆ.

ತುಂಗಾತೀರ: ಮಾತು ಕೊಟ್ಟು ಮುರಿದ ಅಂತ ನೀವೇ ಹೇಳಿದಿರಿ. ಅದಕ್ಕೆ ದ್ರೋಹ ಅನ್ನದೆ ಏನನ್ನಬೇಕು? ಒಮ್ಮೆ ಮಂಡಗದ್ದೆಯಿಂದ ತೀರ್ಥಹಳ್ಳಿ ತನಕ ಗುಂಪಿನ ಮುಂದೆ ನಿಂತು ಗಾಳಿ ತಡೆದವನು ನಾನು. ಆಮೇಲೆ ನನ್ನ ಕಾಲು ಹಿಡಿದುಕೊಂಡಾಗ ಒಬ್ಬರೂ ನಿಲ್ಲಲಿಲ್ಲ. ರಸ್ತೆ ಬದಿ ಒಬ್ಬನೇ ಕೂತಿದ್ದೆ. ಹಿಂದೆ ಕೂತು ಬಂದವರಿಗೆ ಇದು ಅರ್ಥ ಆಗುವುದಿಲ್ಲ.

ಘಾಟಿ ಸವಾರ: ಹಿಂದೆ ಕೂತು ಬಂದವನು ಅಂತ ಯಾರಿಗೆ ಹೇಳಿದ್ದು? ನಾನು ಆ ಗುಂಪಿನಲ್ಲೇ ಇರಲಿಲ್ಲ. ನಿಮ್ಮ ಸಿಟ್ಟನ್ನು ವಿಂಗೆಗಾರ್ಡ್ ಮೇಲೆ ಹಾಕಬೇಡಿ. 18ನೇ ಸ್ಟೇಜಿನಿಂದ ಅವರಿಬ್ಬರೂ ಕುಸ್ ಪರವಾಗಿಯೇ ನಿಂತರು. ಮ್ಯಾಡ್ರಿಡ್‌ನಲ್ಲಿ ಕುಸ್ 17 ಸೆಕೆಂಡಿನಿಂದ ಗೆದ್ದ. ಒಂದು, ಎರಡು, ಮೂರು, ಮೂರೂ ಸ್ಥಾನ ಒಂದೇ ತಂಡಕ್ಕೆ. ದ್ರೋಹ ಆಗಿದ್ದರೆ ಇದು ಆಗುತ್ತಿತ್ತಾ?

ಸಾಗರದವ: 18ರಿಂದ. ಹೌದು. 17ರಲ್ಲಿ ಯಾಕೆ ನಿಲ್ಲಲಿಲ್ಲ ಅನ್ನುವುದೇ ಪ್ರಶ್ನೆ. ಅದಕ್ಕೆ ಇನ್ನೂ ನಿಮ್ಮಿಂದ ಉತ್ತರ ಬಂದಿಲ್ಲ.

ಆಗುಂಬೆ ಮಳೆ: ಹೊಸನಗರದವರು ಸುಮ್ಮನಾದರಲ್ಲ. ಮಳೆ ವಿಷಯ ಒಪ್ಪಿಕೊಂಡ ಹಾಗಾಯ್ತು.

ಹೊಸನಗರ ಹುಡುಗ: ಒಪ್ಪಿಲ್ಲ. ಕೊಟ್ಟಿಗೆಗೆ ಹೋಗಿದ್ದೆ, ಈಗ ಬಂದೆ. ಹುಲಿಕಲ್ಲೇ ಕಷ್ಟ.