ಭತ್ತದ ಕಾರ್ಬನ್ ಲೆಕ್ಕ: ಕೆಜಿಗೆ 0.08 ಸರಿಯೋ, 1.49 ಸರಿಯೋ?

ಎಡದಂಡೆ
ಗಂಗಾವತಿ ಭಾಗದ ಭತ್ತಕ್ಕೆ ಖರೀದಿದಾರರು ಈಗ ಕೆಜಿಗೆ ಇಷ್ಟು ಕಾರ್ಬನ್ (ಬೆಳೆಯುವಾಗ ಹೊರಬೀಳುವ, ಭೂಮಿ ಬಿಸಿ ಮಾಡುವ ಅನಿಲಗಳ ಲೆಕ್ಕ) ಎಂಬ ಅಂಕಿ ಕೇಳುತ್ತಿದ್ದಾರೆ. ನಮ್ಮ ಎಫ್‌ಪಿಒದಲ್ಲಿ (ರೈತ ಉತ್ಪಾದಕರ ಸಂಸ್ಥೆ) ಇಬ್ಬರು ಒಂದೇ ಎಕರೆಯ ವಿವರ ಹಿಡಿದು ಲೆಕ್ಕ ಹಾಕಿದರು. ಒಬ್ಬರಿಗೆ 0.08 ಕೆಜಿ, ಇನ್ನೊಬ್ಬರಿಗೆ 1.49 ಕೆಜಿ ಬಂದಿದೆ.

ವಿವರ ಇದು. ತಳಿ ಆರ್‌ಎನ್‌ಆರ್ 15048, ಕಾಲುವೆ ನೀರು, ನಾಟಿಯಿಂದ ಕೊಯ್ಲಿಗೆ 100 ದಿನ, ಗದ್ದೆಯಲ್ಲಿ ಸದಾ ನೀರು ನಿಂತಿರುತ್ತದೆ. ಎಕರೆಗೆ ಕೊಟ್ಟಿಗೆ ಗೊಬ್ಬರ 2 ಟನ್, ಯೂರಿಯಾ 45 ಕೆಜಿಯ ಎರಡು ಚೀಲ, ಡಿಎಪಿ 50 ಕೆಜಿಯ ಒಂದು ಚೀಲ. ರೊಳ್ಳಿ ಹೊಡೆಯುವುದಕ್ಕೂ ಕೊಯ್ಲಿನ ಮಷೀನಿಗೂ ಸೇರಿ ಡೀಸೆಲ್ 25 ಲೀಟರ್. ಇಳುವರಿ 25 ಕ್ವಿಂಟಲ್. ಹುಲ್ಲನ್ನು ಕೆಲವರು ಸುಡುತ್ತಾರೆ, ಕೆಲವರು ಅಲ್ಲೇ ಉಳುತ್ತಾರೆ. ಯಾವ ಅಂಕಿ ಕೊಡಬೇಕು?

ಲೆಕ್ಕಪತ್ರ
ಎರಡೂ ತಪ್ಪು. 0.08 ಹಾಕಿದವರು ಡೀಸೆಲ್ ಮತ್ತು ಗೊಬ್ಬರ ಮಾತ್ರ ಹಿಡಿದಿದ್ದಾರೆ, ಗದ್ದೆಯಿಂದ ಏಳುವ ಮೀಥೇನ್ ಬಿಟ್ಟಿದ್ದಾರೆ. 1.49 ಹಾಕಿದವರು ಮೀಥೇನನ್ನು ಹೆಕ್ಟೇರ್ ಲೆಕ್ಕದಲ್ಲಿ ತೆಗೆದು, ಇಳುವರಿಯನ್ನು ಎಕರೆ ಲೆಕ್ಕದಲ್ಲಿ ಹಿಡಿದಿದ್ದಾರೆ. ಹಾಳೆಯಲ್ಲಿ 3510 ಎಂಬ ಸಂಖ್ಯೆ ಇದ್ದರೆ ಅದು ಹೆಕ್ಟೇರಿನದು, ನೋಡಿ.

ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) 2019ರ ಪರಿಷ್ಕೃತ ಕೋಷ್ಟಕದಲ್ಲಿ ದಕ್ಷಿಣ ಏಷ್ಯಾದ ಮೂಲ ಅಂಕಿ ಹೆಕ್ಟೇರಿಗೆ ದಿನಕ್ಕೆ 0.85 ಕೆಜಿ ಮೀಥೇನ್. 100 ದಿನಕ್ಕೆ 85 ಕೆಜಿ. ಇದಕ್ಕೆ ಕೊಟ್ಟಿಗೆ ಗೊಬ್ಬರದ ಗುಣಕ ಸೇರಬೇಕು: ಹೆಕ್ಟೇರಿಗೆ 5 ಟನ್ ಹಸಿ ತೂಕವನ್ನು 0.21ರಿಂದ ಗುಣಿಸಿ, 1 ಕೂಡಿಸಿ, 0.59ರ ಘಾತಕ್ಕೆ ಏರಿಸಿದರೆ 1.53. ಅಂದರೆ ಹೆಕ್ಟೇರಿಗೆ 130 ಕೆಜಿ, 2.471ರಿಂದ ಭಾಗಿಸಿದರೆ ಎಕರೆಗೆ 52.6 ಕೆಜಿ. ಮೀಥೇನಿನ ತಾಪಶಕ್ತಿ (ಇಂಗಾಲದ ಡೈಆಕ್ಸೈಡಿಗಿಂತ ಎಷ್ಟು ಪಟ್ಟು ಬಿಸಿ ಮಾಡುತ್ತದೆ ಎಂಬ ಅಂಕಿ) 27ರಿಂದ ಗುಣಿಸಿದರೆ 1420 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಇಡೀ ಲೆಕ್ಕದಲ್ಲಿ ದೊಡ್ಡ ಪಾಲು ಇದೇ.

ಉಳಿದವು ಚಿಕ್ಕವು. ಯೂರಿಯಾ ಮಣ್ಣಿನಲ್ಲಿ ಕರಗುವಾಗ ಬಿಡುವ ಅನಿಲ 90 × 0.733 = 66 ಕೆಜಿ. ಡೀಸೆಲ್ 25 × 2.68 = 67 ಕೆಜಿ. ಸಾರಜನಕ: ಯೂರಿಯಾದಲ್ಲಿ 41.4, ಡಿಎಪಿಯಲ್ಲಿ 9, ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಪರ್ಸೆಂಟ್ ಎಂದು ಹಿಡಿದರೆ 10, ಒಟ್ಟು 60 ಕೆಜಿ. ಸದಾ ನೀರು ನಿಂತ ಗದ್ದೆಗೆ 0.003ರಿಂದ (ನೈಟ್ರಸ್ ಆಕ್ಸೈಡ್ ಆಗಿ ಹೋಗುವ ಸಾರಜನಕದ ಪಾಲು), ಆಮೇಲೆ 44/28ರಿಂದ (ಸಾರಜನಕದ ತೂಕವನ್ನು ಆ ಅನಿಲದ ತೂಕ ಮಾಡಲು), ಆಮೇಲೆ ಅದರ ತಾಪಶಕ್ತಿ 273ರಿಂದ ಗುಣಿಸಿ: 78 ಕೆಜಿ ನೈಟ್ರಸ್ ಆಕ್ಸೈಡ್ ಪಾಲು. 44/28 ಮರೆಯುವವರೇ ಹೆಚ್ಚು.

ಒಟ್ಟು 1631 ಕೆಜಿ. 2500ರಿಂದ ಭಾಗಿಸಿದರೆ ಭತ್ತದ ಕೆಜಿಗೆ 0.65. ಇದಕ್ಕೆ ಗೊಬ್ಬರ ಕಾರ್ಖಾನೆಯ ಪಾಲು, ಬೀಜ, ಸಾಗಣೆ ಸೇರಿಸಬೇಕು. ಸೇರಿಸದಿದ್ದರೆ 'ಗದ್ದೆಯೊಳಗಿನದು ಮಾತ್ರ' ಎಂದು ಬರೆಯಿರಿ. ಬೋರ್‌ವೆಲ್ ಇದ್ದವರು ಕರೆಂಟಿನ ಯೂನಿಟ್‌ಗಳನ್ನು ಸುಮಾರು 0.72ರಿಂದ ಗುಣಿಸಿ ಸೇರಿಸಿಕೊಳ್ಳಬೇಕು. ಪಂಪ್‌ಸೆಟ್‌ಗೆ ಮೀಟರ್ ಇಲ್ಲದಿದ್ದರೆ ಎಚ್‌ಪಿ × 0.746 × ಓಡಿದ ಗಂಟೆ ಹಾಕಿ, ಮೋಟಾರಿನ ದಕ್ಷತೆಯಿಂದ ಭಾಗಿಸಿ.

ಇನ್ನೊಂದು ಮಾತು. 25 ಕ್ವಿಂಟಲ್ ಎಂದಿರಿ, ಯಾವ ತೇವಾಂಶದಲ್ಲಿ? ಮಷೀನಿನಿಂದ ನೇರ ತೂಗಿದ 20 ಪರ್ಸೆಂಟಿನ ಭತ್ತವಾದರೆ 14ಕ್ಕೆ ಒಣಗಿದಾಗ 2326 ಕೆಜಿ ಉಳಿಯುತ್ತದೆ, ಅಂಕಿ 0.70ಕ್ಕೆ ಏರುತ್ತದೆ. ತೂಕದ ಚೀಟಿಯಲ್ಲಿ ತೇವಾಂಶ ಬರೆಸಿಕೊಳ್ಳುವುದನ್ನು ಈ ಸೀಸನ್‌ನಿಂದಲೇ ಕಡ್ಡಾಯ ಮಾಡಿ.

ಕೆಸರುಗದ್ದೆ
ಹುಲ್ಲಿನ ವಿಷಯ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಇಡೀ ಲೆಕ್ಕವನ್ನು ತಿರುಗಿಸುವುದೇ ಅದು.

ಎಕರೆಗೆ 2 ಟನ್ ಒಣ ಹುಲ್ಲನ್ನು ನಾಟಿಗೆ 30 ದಿನದ ಒಳಗೆ ಉತ್ತರೆ ಮೇಲಿನ 1.53 ಗುಣಕ 3.17 ಆಗುತ್ತದೆ. ಮೀಥೇನ್ 1420ರಿಂದ 2940 ಕೆಜಿ ಆಸುಪಾಸಿಗೆ ಹಾರುತ್ತದೆ. ಅದೇ ಹುಲ್ಲನ್ನು ತಿಂಗಳಿಗಿಂತ ಮೊದಲೇ ಉತ್ತರೆ ಗುಣಕ 1.91, ಮೀಥೇನ್ 1770 ಕೆಜಿ. ಕಾರಣ ಸರಳ: ಗಾಳಿಯಾಡುವ ಮಣ್ಣಿನಲ್ಲಿ ಹುಲ್ಲಿನ ಮೆದು ಭಾಗ ಮೊದಲೇ ಕೊಳೆತು ಹೋಗಿರುತ್ತದೆ. ಹಸಿ ಹುಲ್ಲು ನೀರಿನಡಿ ಸಿಕ್ಕಿಬಿದ್ದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ವರ್ಷಕ್ಕೆ ಎರಡು ಬೆಳೆ ತೆಗೆಯುವಲ್ಲಿ ನಡುವಿನ ಬಿಡುವು ಕಡಿಮೆ, ಆದ್ದರಿಂದ ಉಳುಮೆಯ ತಾರೀಖು ಡೈರಿಯಲ್ಲಿ ಇರಲೇಬೇಕು. ತಾರೀಖು ಇಲ್ಲದಿದ್ದರೆ ಆಡಿಟರ್ ದೊಡ್ಡ ಗುಣಕವನ್ನೇ ಹಿಡಿಯುತ್ತಾರೆ.

ಸುಟ್ಟರೆ? ಒಣ ಹುಲ್ಲಿನ 80 ಪರ್ಸೆಂಟ್ ಉರಿಯಿತು ಎಂದು ಹಿಡಿದು, ಉರಿದ ಕೆಜಿಗೆ 2.7 ಗ್ರಾಂ ಮೀಥೇನ್, 0.07 ಗ್ರಾಂ ನೈಟ್ರಸ್ ಆಕ್ಸೈಡ್ ಹಾಕಿದರೆ 147 ಕೆಜಿ. ಕಾಗದದಲ್ಲಿ ಇದು ಉಳುಮೆಗಿಂತ ಕಡಿಮೆ ಕಾಣುತ್ತದೆ. ಆದರೆ ಹೊಗೆಯ ಮಸಿ ಈ ಲೆಕ್ಕದಲ್ಲಿ ಇಲ್ಲ, ಮಣ್ಣಿಗೆ ಸೇರಬೇಕಿದ್ದ ಸಾರಜನಕವೂ ಹೋಯಿತು. ಇದನ್ನು ಹಿಡಿದು ಯಾರಿಗೂ ಸುಡಿ ಎಂದು ಹೇಳಬೇಡಿ. ಬೇಲ್ ಕಟ್ಟಿಸಿ ಮೇವಿಗೆ ಸಾಗಿಸುವುದೇ ಮೇಲು.

ಎಡದಂಡೆ
ಬಹಳ ಉಪಕಾರ. 3510 ನಿಜವಾಗಿಯೂ ಹಾಳೆಯಲ್ಲಿತ್ತು. ನೀರು ಕಟ್ಟಿ, ಒಣಗಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಗೆ ಹೋದರೆ ಎಷ್ಟು ಇಳಿಯುತ್ತದೆ? ಅಳೆದೇ ತೋರಿಸಬೇಕೇ?

ಗ್ಯಾಸ್_ಲ್ಯಾಬ್
ಬೆಳೆಯ ಅವಧಿಯಲ್ಲಿ ಒಮ್ಮೆ ಒಣಗಿಸಿದರೆ ಗುಣಕ 0.71, ಹಲವು ಬಾರಿಯಾದರೆ 0.55. ಎರಡನೆಯದರಲ್ಲಿ ನಿಮ್ಮ 1420 ಇಳಿದು 780 ಆಗುತ್ತದೆ. ಗಾಳಿ ಆಡಿದ್ದರಿಂದ ನೈಟ್ರಸ್ ಆಕ್ಸೈಡ್ ಏರುತ್ತದೆ: 0.003ರ ಬದಲು 0.005, ಅಂದರೆ 78ರಿಂದ 130 ಕೆಜಿ. ಒಟ್ಟು 1043, ಕೆಜಿಗೆ 0.42. ಈ ಏರಿಕೆಯನ್ನು ಬಿಟ್ಟು ಉಳಿತಾಯ ತೋರಿಸುವುದು ಮೋಸ, ದಯವಿಟ್ಟು ಮಾಡಬೇಡಿ.

ಮಾಡುವ ಬಗೆ: 30 ಸೆಂಮೀ ಉದ್ದ, 10ರಿಂದ 15 ಸೆಂಮೀ ಅಗಲದ ಪಿವಿಸಿ ಪೈಪಿನ ಕೆಳಗಿನ 20 ಸೆಂಮೀಗೆ ತೂತು ಕೊರೆದು, ಅಷ್ಟೂ ಭಾಗ ಮಣ್ಣೊಳಗೆ ಹೋಗುವಂತೆ ಊರಿ, ಒಳಗಿನ ಮಣ್ಣು ತೆಗೆಯಿರಿ. ಬದುವಿಗೆ ಅಂಟಿಸಿ ಊರಬೇಡಿ, ಅಲ್ಲಿ ನೀರು ಜಿನುಗಿ ಸುಳ್ಳು ಮಟ್ಟ ತೋರಿಸುತ್ತದೆ. ನಾಟಿಯಾಗಿ ಎರಡು ವಾರದ ಮೇಲೆ ಶುರು ಮಾಡಿ. ಕಳೆ ಜಾಸ್ತಿ ಇದ್ದರೆ ಇನ್ನೊಂದು ವಾರ ತಡೆಯಿರಿ. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಮೀ ಕೆಳಗೆ ಇಳಿದಾಗ ಮತ್ತೆ 5 ಸೆಂಮೀ ನಿಲ್ಲುವಷ್ಟು ಬಿಡಿ. ಹೂ ಬರುವ ಹೊತ್ತಿನಲ್ಲಿ ಒಣಗಿಸಬೇಡಿ, ಜೊಳ್ಳಾಗುತ್ತದೆ. ಕಾಲುವೆಯ ಸರದಿ ದೂರವಿರುವ ಕೊನೇ ಭಾಗದಲ್ಲಿ ಇದು ಅಪಾಯ, ಎರೆಮಣ್ಣು ಒಮ್ಮೆ ಬಿರಿದರೆ ನೀರು ನಿಲ್ಲಿಸುವುದು ಕಷ್ಟ.

ಖರೀದಿದಾರರಿಗೆ ಅಂಕಿ ಕೊಡಲು ಅಳತೆ ಬೇಡ, ಪೈಪಿನ ಮಟ್ಟವನ್ನು ತಾರೀಖಿನ ಸಮೇತ ಬರೆದ ಪಟ್ಟಿ ಮತ್ತು ಫೋಟೋ ಸಾಕು. ಅಳೆಯಲೇಬೇಕೆಂದರೆ ಮುಚ್ಚಿದ ಪೆಟ್ಟಿಗೆ ವಿಧಾನ: ತಳದ ಚೌಕಟ್ಟನ್ನು ಹಿಂದಿನ ದಿನವೇ ಮಣ್ಣಿಗೆ ಊರಿ, ಬೆಳಿಗ್ಗೆ 9ರಿಂದ 11ರೊಳಗೆ ಪೆಟ್ಟಿಗೆ ಮುಚ್ಚಿ, 0, 10, 20, 30ನೇ ನಿಮಿಷಕ್ಕೆ ಸಿರಿಂಜಿನಲ್ಲಿ ಗಾಳಿ ತೆಗೆದು ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ (ಗಾಳಿಯಲ್ಲಿನ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಲ್ಯಾಬ್ ಪರೀಕ್ಷೆ) ಕಳಿಸಬೇಕು. ಓಡಾಡಲು ಹಲಗೆ ಹಾಸದೆ ಗದ್ದೆಗಿಳಿದರೆ ಕಾಲೊತ್ತಿಗೆ ಕೆಸರಿನ ಗುಳ್ಳೆಗಳು ಎದ್ದು ಒಂದೇ ಸಲಕ್ಕೆ ಮೀಥೇನ್ ಹೊರಬೀಳುತ್ತದೆ. ನಾಲ್ಕು ಬಿಂದುಗಳು ಸರಳರೇಖೆಗೆ ಕೂರದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ವಾರಕ್ಕೊಮ್ಮೆಯಾದರೂ ಬೇಕು, ಒಣಗಿಸುವ ಮತ್ತು ಗೊಬ್ಬರ ಹಾಕಿದ ದಿನಗಳಲ್ಲಿ ಇನ್ನೂ ಒತ್ತೊತ್ತಾಗಿ.

ಲೆಕ್ಕಪತ್ರ
ಒಂದು ಸೇರಿಸುತ್ತೇನೆ. ಮೀಥೇನಿನ ಮೂಲ ಅಂಕಿ 0.85ರ ವ್ಯಾಪ್ತಿ 0.58ರಿಂದ 1.26. ಅಂದರೆ ನಿಮ್ಮ 0.65 ನಿಜದಲ್ಲಿ 0.47ರಿಂದ 0.93ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ವ್ಯಾಪ್ತಿಯನ್ನೂ ಬರೆದೇ ಕಳಿಸಿ. ಅಕ್ಕಿಗೆ ಕೇಳಿದರೆ, ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಎಂದು ಹಿಡಿದು ಎಲ್ಲ ಹೊರೆಯನ್ನೂ ಅಕ್ಕಿಯ ಮೇಲೇ ಹಾಕಿದರೆ 0.97. ತೌಡು, ನುಚ್ಚಿಗೆ ಮಾರಾಟದ ಬೆಲೆ ಪ್ರಕಾರ ಹಂಚಿದರೆ ಇಳಿಯುತ್ತದೆ, ಆಗ ಯಾವ ವರ್ಷದ ಬೆಲೆ ಎಂದೂ ಹಾಕಿ. ಮಿಲ್ಲಿನಲ್ಲಿ ಹೊಟ್ಟು ಉರಿಸಿದ ಇಂಗಾಲವನ್ನು ಇದರೊಳಗೆ ಕೂಡಿಸಬೇಡಿ, ಜೈವಿಕ ಇಂಗಾಲವೆಂದು ಬೇರೆ ಸಾಲಿನಲ್ಲಿ ತೋರಿಸಿ.